ದೊಡ್ಡಮ್ಮ ಕೇಳಿಬಂದ ಭಾಷಣ

"ಭಾಷಣ ಮಾಡೋರಿಗೆ ಮೀಸೆ ಇದೆಯೇನೇ?"

ಬಸ್ ನಿಲ್ದಾಣದ ಗೋಡೆಯ ಮುಂದೆ ನಿಂತು ದೊಡ್ಡಮ್ಮ ಹೀಗೆ ಕೇಳಿದಳು. ಗೋಡೆಯ ಮೇಲೆ ವಿಜ್ಞಾನ ಉತ್ಸವದ ಭಿತ್ತಿಪತ್ರ ಅಂಟಿಸಿದ್ದರು. ಪುರಭವನದಲ್ಲಿ ಎರಡು ದಿನ ಉಪನ್ಯಾಸಗಳು, ಯಾರು ಬೇಕಾದರೂ ಬರಬಹುದು, ಹೆಸರು ಬರೆಸಬೇಕಾಗಿಲ್ಲ ಎಂದಿತ್ತು. ನಕ್ಷತ್ರಗಳು ಸಾಯುವುದು ಹೇಗೆ ಎಂಬುದೊಂದು ಭಾಷಣ. ಇರುವೆಗಳಿಗೆ ದಾರಿ ತಪ್ಪುವುದಿಲ್ಲ ಏಕೆ ಎಂಬುದು ಇನ್ನೊಂದು. ಅದರ ಕೆಳಗೆ 'ನಾವು ಕೇಳುವುದು ಹೇಗೆ' ಎಂದಿತ್ತು. ದೊಡ್ಡಮ್ಮನ ಬೆರಳು ಅಲ್ಲೇ ನಿಂತಿತ್ತು.

"ಹೆಂಗಸು ದೊಡ್ಡಮ್ಮ. ಕಿವಿ ಡಾಕ್ಟರು. ನಮ್ಮ ಕಾಲೇಜಿಗೆ ಒಂದು ಸಲ ಬಂದಿದ್ರು."

"ಬಾಯಿ ಬಿಟ್ಟು ಮಾತಾಡ್ತಾರಾ, ಇಲ್ಲ ಒಳಗೊಳಗೇ ನುಂಗ್ತಾರಾ?"

"ಚೆನ್ನಾಗಿ ಬಾಯಿ ಬಿಟ್ಟೇ ಮಾತಾಡ್ತಾರೆ."

"ಹಂಗಾದ್ರೆ ಹೋಗೋಣ," ಎಂದಳು. ಬಸ್ಸು ಬಂತು. ಅದರ ಹಾರ್ನ್ ಅವಳಿಗೆ ಕೇಳಲಿಲ್ಲ. ನಾನು ತಲೆ ತಿರುಗಿಸಿದ್ದನ್ನು ನೋಡಿ ಅವಳೂ ತಿರುಗಿದಳು.

ದೊಡ್ಡಮ್ಮ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುವವಳು. ಮದುವೆಯಾಗಿ ಊರು ಬಿಟ್ಟು ಬಂದ ಮರುವರ್ಷವೇ ಕೆಲಸಕ್ಕೆ ಸೇರಿದವಳು. ನಾನು ಕಾಲೇಜಿಗೆಂದು ಅವಳ ಮನೆಯಲ್ಲಿದ್ದೆ. ಅವಳ ಕಿವಿ ಹೋಗಿದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಾಗಿದ್ದು ಒಂದು ವರ್ಷವಾದ ಮೇಲೆ. ಪಕ್ಕದೂರಿನಲ್ಲಿರುವ ಮಗಳ ಫೋನ್ ಬಂದಾಗಲೆಲ್ಲ ದೊಡ್ಡಮ್ಮನ ಕೈ ಒದ್ದೆಯಾಗಿರುತ್ತಿತ್ತು. "ನೀನೇ ಮಾತಾಡೇ, ನಂದು ಕೈ ಒದ್ದೆ," ಎಂದು ಕೈ ಎತ್ತಿ ತೋರಿಸುತ್ತಿದ್ದಳು. ಒಂದು ದಿನ ಒಣಗಿದ ಕೈ ಎತ್ತಿ ತೋರಿಸಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ಬಚ್ಚಲಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದಳು. ಗುಟ್ಟಾಗಿ ಹೇಳುತ್ತಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು, ಆದರೆ ಅವಳ ಗುಟ್ಟು ಬೀದಿಯ ತುದಿಗೆ ಕೇಳುವ ಹಾಗಿತ್ತು. ಗಿರಣಿಯವರ ದನಿಯೇ ಹಾಗೆ. ಆ ಮನೆಯಲ್ಲಿ ಸದಾ ಜಗಳವೆಂದು ಅಕ್ಕಪಕ್ಕದವರು ತಿಳಿದುಕೊಂಡಿದ್ದರು. ದೊಡ್ಡಪ್ಪ ಪುಣ್ಯಕ್ಕೆ ಮನೆಯಲ್ಲಿರಲಿಲ್ಲ.

ದೊಡ್ಡಪ್ಪನದು ದೊಡ್ಡ ಮೀಸೆ. ಮೇಲ್ತುಟಿಯನ್ನು ಪೂರ್ತಿ ಮುಚ್ಚಿ ಕೆಳತುಟಿಗೂ ಇಳಿಯುವಂಥದ್ದು. ಅವರು ಏನು ಹೇಳಿದರೂ ದೊಡ್ಡಮ್ಮ ಉತ್ತರ ಕೊಡುತ್ತಿರಲಿಲ್ಲ. "ಇವಳಿಗೆ ಸೊಕ್ಕು. ಸಂಪಾದನೆ ಮಾಡ್ತೀನಿ ಅನ್ನೋ ಸೊಕ್ಕು," ಎಂದು ಅವರು ನನ್ನ ಹತ್ತಿರ ದೂರು ಹೇಳುತ್ತಿದ್ದರು.

ಗಿರಣಿಯಲ್ಲಿ ಮಾತ್ರ ದೊಡ್ಡಮ್ಮನಿಗೆ ಕಿವಿಯ ಕೊರತೆಯೇ ಇರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಬಾಯಿ ನೋಯುವುದಷ್ಟೇ ಬಂತು. ಹಾಗಾಗಿ ಅಲ್ಲಿನ ಹೆಂಗಸರು ದನಿ ತೆಗೆಯದೆ, ತುಟಿಯನ್ನು ಅಗಲವಾಗಿ ಆಡಿಸಿ, ಕಣ್ಣು ಕೈ ಸೇರಿಸಿ ಮಾತಾಡುತ್ತಾರೆ. ಈ ತುದಿಯವಳು ಸೊಸೆಯ ಕಥೆ ಹೇಳಿದರೆ ಆ ತುದಿಯವಳು ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಲ್ಲಿ ದೂರ ಎಂಬುದು ಲೆಕ್ಕಕ್ಕಿಲ್ಲ. ಮುಖ ಕಂಡರೆ ಸಾಕು.

ಹೀಗೆ ಮಾತಾಡುವುದರಲ್ಲಿ ದೊಡ್ಡಮ್ಮನ ಎದುರಿನ ಮಗ್ಗದವಳನ್ನು ಮೀರಿಸುವವರಿರಲಿಲ್ಲ. ಅವಳ ತುಟಿಗೆ ಬಿಡುವೆಂಬುದೇ ಇಲ್ಲ. ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ದೊಡ್ಡಮ್ಮನಿಗಿಂತ ಚಿಕ್ಕವಳು, ಕಿವಿ ಇನ್ನೂ ಚೆನ್ನಾಗಿತ್ತು. ಗುಟ್ಟು ಗೊತ್ತಿದ್ದ ಇನ್ನೊಬ್ಬಳು ಅವಳೇ. ಗಿರಣಿಯ ಕಚೇರಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸುತ್ತಿತ್ತು. ಪರೀಕ್ಷೆಯವನು ಯಂತ್ರದ ಗುಂಡಿ ಒತ್ತಿ ಸದ್ದು ಕಳಿಸುತ್ತಾನೆ, ಕೇಳಿದವರು ಬೆರಳೆತ್ತಬೇಕು. ರೇಡಿಯೋ ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ನಿಂತು, ಅವನು ಗುಂಡಿ ಒತ್ತಿದಾಗಲೆಲ್ಲ ಮೂಗು ಅಲುಗಿಸುತ್ತಿದ್ದಳು. ದೊಡ್ಡಮ್ಮ ಬೆರಳೆತ್ತುತ್ತಿದ್ದಳು. ಪರೀಕ್ಷೆ ನಡೆಯುತ್ತಿದ್ದದ್ದು ರೇಡಿಯೋಳ ಮೂಗಿಗೆ, ಪಾಸಾಗುತ್ತಿದ್ದದ್ದು ದೊಡ್ಡಮ್ಮ.

ನಪಾಸಾದವರನ್ನು ಮನೆಗೆ ಕಳಿಸುತ್ತಿರಲಿಲ್ಲ, ಬಟ್ಟೆ ಮಡಿಸುವ ಕೋಣೆಗೆ ಕಳಿಸುತ್ತಿದ್ದರು. ಅಲ್ಲಿ ಸದ್ದಿಲ್ಲ, ಫ್ಯಾನು ಇದೆ, ಕೂತು ಮಾಡುವ ಕೆಲಸ. ಹೊರಗಿನವರಿಗೆ ಇದು ಬಡ್ತಿಯ ಹಾಗೆ ಕಾಣಬಹುದು. ದೊಡ್ಡಮ್ಮನಿಗೆ ಮಾತ್ರ ಅದೆಂದರೆ ಭಯ.

"ಅಲ್ಲಿರೋರು ತಲೆ ಬಗ್ಗಿಸ್ಕೊಂಡು, ಬಟ್ಟೆ ನೋಡ್ಕೊಂಡು ಮಾತಾಡ್ತಾರೆ ಕಣೇ. ಕಿವಿ ಇರೋರ ಥರ. ಅಲ್ಲಿ ಕೂತರೆ ನಾನೊಂದು ಗೋಡೆ. ಇಲ್ಲಿ ಗದ್ದಲದಲ್ಲಿ ಇರೋತನಕ ನಾನೂ ಎಲ್ಲರ ಹಾಗೇ."

ಆ ಗದ್ದಲವೇ ಅವಳ ಕಿವಿಯನ್ನು ತಿಂದಿತ್ತು. ಅದನ್ನು ಬಿಟ್ಟು ಹೋದರೆ ಅವಳು ಒಂಟಿ. ಉಳಿದರೆ ಮಿಕ್ಕ ಚೂರುಪಾರೂ ಹೋಗುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಗಿರಣಿಯ ಡಾಕ್ಟರಿಗೆ ಹೇಳಿದ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಕಚೇರಿ ಸೇರುತ್ತಿತ್ತು.

ಅದಕ್ಕೇ ಆ ಭಿತ್ತಿಪತ್ರ ಅವಳ ತಲೆಯಲ್ಲಿ ಕೂತದ್ದು. ಯಾರು ಬೇಕಾದರೂ ಬರಬಹುದು, ಹೆಸರು ಹೇಳಬೇಕಾಗಿಲ್ಲ, ಕೊನೆಯಲ್ಲಿ ಪ್ರಶ್ನೆ ಕೇಳಬಹುದು. ಅವಳಿಗೆ ಇದ್ದದ್ದು ಒಂದೇ ಪ್ರಶ್ನೆ: ಹೋದ ಕಿವಿ ವಾಪಸ್ ಬರುತ್ತದೆಯೇ? ಬರುವುದಾದರೆ ಎರಡು ವರ್ಷ ಮಡಿಸುವ ಕೋಣೆಯಲ್ಲಿ ಗೋಡೆಯಾಗಿ ಕೂರಲು ಅವಳು ತಯಾರು. ಕಿವಿಗೆ ವಿಶ್ರಾಂತಿ ಕೊಟ್ಟು, ಅದನ್ನು ವಾಪಸ್ ಪಡೆದು, ಒಣಗಿದ ಕೈಯಲ್ಲಿ ಫೋನು ಎತ್ತಬೇಕು ಎಂಬುದು ಅವಳ ಲೆಕ್ಕಾಚಾರ. ಬರುವುದಿಲ್ಲವೆಂದರೆ ಇದ್ದಲ್ಲೇ ಇರುವುದು.

ರೇಡಿಯೋಗೆ ಇದೆಲ್ಲ ತಮಾಷೆ. ಭಾನುವಾರ ಮನೆಗೆ ಬಂದವಳು ದೊಡ್ಡಮ್ಮನ ಎದುರು ಕೂತು, "ಕಿವಿ ಕೇಳಲ್ಲ ಅಂತ ಭಾಷಣ ಕೇಳೋಕೆ ಹೊರಟಿದ್ದಾಳೆ ನೋಡು ನಿಮ್ಮ ದೊಡ್ಡಮ್ಮ! ನಾಳೆ ಕಾಲಿಲ್ಲದೋನು ಓಟಕ್ಕೆ ಹೋಗ್ತಾನೆ," ಎಂದಳು.

"ನೀನು ಬರ್ತೀಯೋ ಇಲ್ವೋ?"

"ಬರದೆ ಏನ್ಮಾಡ್ಲಿ? ಪ್ರಶ್ನೆ ಕೇಳೋಕೆ ಯಾರಾದ್ರೂ ಬೇಕಲ್ಲ. ನೀನು ಬಾಯಿ ಬಿಟ್ರೆ ಪುರಭವನದ ಹೆಂಚು ಹಾರುತ್ತೆ."

ಹಾಗೆಂದು ತೀರ್ಮಾನವಾಯಿತು. ದೊಡ್ಡಮ್ಮ ನೋಡುವುದು, ರೇಡಿಯೋ ಕೇಳುವುದು.

ಅಲ್ಲಿಯವರೆಗಿನ ದಿನಗಳಲ್ಲಿ ದೊಡ್ಡಮ್ಮ ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ ತಯಾರಿ ನಡೆಸಿದಳು. ಗಿರಣಿಯವರ ತುಟಿ ಓದಿ ಅಭ್ಯಾಸವಿತ್ತೇ ಹೊರತು ಓದಿದವರ ತುಟಿ ಓದಿ ಅಭ್ಯಾಸವಿರಲಿಲ್ಲ. ಟಿವಿಯಲ್ಲಿ ವಾರ್ತೆ ಬರುವಾಗ ಸದ್ದು ಪೂರ್ತಿ ಇಳಿಸಿ, ವಾರ್ತೆ ಓದುವವಳ ಬಾಯಿಗೆ ಕಣ್ಣು ನೆಟ್ಟು ಕೂರುತ್ತಿದ್ದಳು. ದೊಡ್ಡಪ್ಪ ಬಂದು ಟಿವಿ ಕೆಟ್ಟಿತೆಂದು ಅದರ ತಲೆಗೆ ಎರಡು ಬಿಗಿಯುತ್ತಿದ್ದರು. ಇರುವೆಯ ಭಾಷಣಕ್ಕೂ ಹೋಗಬೇಕೆಂದು ಅವಳೇ ನಿರ್ಧರಿಸಿದಳು. ಅದು ಮೊದಲಿತ್ತು. "ಇರುವೆ ಮೇಷ್ಟ್ರ ಮೇಲೆ ಕಣ್ಣು ಪಳಗಿಸ್ಕೊಂಡು ಆಮೇಲೆ ಕಿವಿ ಡಾಕ್ಟರಮ್ಮನ ಹತ್ತಿರ ಹೋಗೋಣ." ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿ ಗೋಡೆಗೆ ನೇತುಹಾಕಿದಳು. ಕೆಲಸದಿಂದ ಬಂದ ಕೂಡಲೇ ಅದನ್ನೊಮ್ಮೆ ಮುಟ್ಟಿ ನೋಡುತ್ತಿದ್ದಳು.

ಶನಿವಾರ ಅವರಿಬ್ಬರ ಬೆಳಗಿನ ಪಾಳಿ ಮುಗಿದ ಮೇಲೆ ಮೂವರೂ ಪುರಭವನಕ್ಕೆ ಹೋದೆವು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಮುಂದೆ ಕೂರಲು ಹೇಳಿದಳು. ದೊಡ್ಡಮ್ಮ ಒಪ್ಪಲಿಲ್ಲ. ಎಲ್ಲರಿಗಿಂತ ಹಿಂದಿನ ಸಾಲಿನ ನಡುವಿನ ಕುರ್ಚಿಗಳಿಗೆ ನಡೆದಳು. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಮಾತು ಹಿಡಿಯುವವಳಿಗೆ ಪುರಭವನದ ಉದ್ದ ಯಾವ ಲೆಕ್ಕ? ಅಲ್ಲದೆ ಹಿಂದೆ ಕೂತರೆ ತನ್ನನ್ನು ಯಾರೂ ನೋಡುವುದಿಲ್ಲ.

ಇರುವೆಯ ಮೇಷ್ಟ್ರು ಮುಖ ಬೋಳಿಸಿಕೊಂಡಿದ್ದರು. ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ಇರುವೆ ಮೀಸೆ ತಾಗಿಸಿ ಮಾತಾಡುವುದನ್ನು ತಮ್ಮ ಎರಡು ಬೆರಳಿಂದ ತೋರಿಸಿದರು. ದೊಡ್ಡಮ್ಮ ನನ್ನ ತೊಡೆಗೆ ಹೊಡೆದಳು. "ಗೊತ್ತಾಗ್ತಿದೆ ಕಣೇ!" ಎಂದಳು. ಮುಂದಿನ ನಾಲ್ಕು ಸಾಲಿನವರು ತಿರುಗಿ ನೋಡಿದರು. ರೇಡಿಯೋ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟು ಬೆಳಗಿದ ಮುಖವನ್ನು ನಾನು ಆ ಮನೆಯಲ್ಲಿ ಎಂದೂ ನೋಡಿರಲಿಲ್ಲ.

ಆಮೇಲೆ ಡಾಕ್ಟರಮ್ಮ ಬಂದರು. ನಮಸ್ಕಾರ ಮಾಡಿದರು. ದೊಡ್ಡಮ್ಮ ಅವರ ಬಾಯಿಯನ್ನು ಮೆಚ್ಚಿ ತಲೆದೂಗಿದಳು. ಅಷ್ಟರಲ್ಲಿ ಯಾರೋ ದೀಪ ಆರಿಸಿದರು.

ಪರದೆಯ ಮೇಲೆ ಕಿವಿಯ ಚಿತ್ರ ಮೂಡಿತು. ಡಾಕ್ಟರಮ್ಮ ಪಕ್ಕದ ಕತ್ತಲಲ್ಲಿ ನಿಂತು ಮಾತಾಡತೊಡಗಿದರು. ದನಿ ಸ್ಪಷ್ಟವಾಗಿತ್ತು, ಎಲ್ಲರಿಗೂ ಕೇಳುತ್ತಿತ್ತು. ದೊಡ್ಡಮ್ಮ ಕುರ್ಚಿಯ ಅಂಚಿಗೆ ಸರಿದಳು. ಕಣ್ಣು ಕಿರಿದು ಮಾಡಿದಳು. ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಕಡೆ ತಿರುಗಿ, ಕೇಳಿದ್ದನ್ನು ತುಟಿಯಲ್ಲಿ ಹೇಳಲು ನೋಡಿದೆ. ನನ್ನ ತುಟಿ ಕಾಲೇಜಿನ ತುಟಿ, ಸಾಕಷ್ಟು ಅಲುಗುವುದಿಲ್ಲ. ಕತ್ತಲೆ ಬೇರೆ. ಅವಳು ತಲೆಯಾಡಿಸಿ ಎದುರಿಗೆ ನೋಡುತ್ತ ಕೂತಳು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ಬದಲಾಗುತ್ತಿದ್ದವು. ಅವಳ ಹಿಡಿತ ಬಿಗಿಯಾಗುತ್ತಿತ್ತು. ಎದ್ದು ಹೋಗೋಣವೆಂದರೆ ಸಾಲಿನ ಎರಡೂ ಕಡೆ ಜನರ ಮೊಣಕಾಲು. ಇಷ್ಟು ದಿನ ಕಾದು ಬಂದವಳು ಬಾವಿಯ ತಳದಲ್ಲಿ ಕೂತ ಹಾಗಿದ್ದಳು.

ರೇಡಿಯೋ ಎದ್ದಳು. ಮೊಣಕಾಲುಗಳನ್ನು ದಾಟಿ, ಬಯ್ಗುಳ ತಿಂದು, ಗೋಡೆಯ ಪಕ್ಕದ ಹಾದಿಯಲ್ಲಿ ಮುಂದೆ ನಡೆದಳು. ಅಲ್ಲಿ ಹೊರಬಾಗಿಲಿನ ಮೇಲೆ ಒಂದು ಹಸಿರು ದೀಪ ಉರಿಯುತ್ತಿತ್ತು. ಅದರ ಅಡಿಯಲ್ಲಿ ನಿಂತು ವೇದಿಕೆಗೆ ಬೆನ್ನು ಮಾಡಿದಳು. ಅವಳ ಮುಖ ಹಸಿರಾಯಿತು. ತುಟಿ ಅಗಲವಾಗಿ ತೆರೆಯಿತು.

ದೊಡ್ಡಮ್ಮನ ಹಿಡಿತ ಸಡಿಲಾಯಿತು.

ಬಾಗಿಲ ಹುಡುಗಿ ಓಡಿಬಂದು, "ಅಮ್ಮಾ, ಕೂತ್ಕೊಳ್ಳಿ, ಹಿಂದಿನವರಿಗೆ ಅಡ್ಡ ಆಗುತ್ತೆ," ಎಂದಳು. ರೇಡಿಯೋ ಅವಳ ಕಡೆ ನೋಡದೆ, ಒಂದು ಕೈಯಿಂದ ಸುಮ್ಮನಿರು ಎಂದು ಸನ್ನೆ ಮಾಡಿ, ಇನ್ನೊಂದು ಕೈಯಲ್ಲಿ ಭಾಷಣ ಮುಂದುವರಿಸಿದಳು. ಹುಡುಗಿ ಅವಳ ದೃಷ್ಟಿ ಹೋದ ಕಡೆ ನೋಡಿದಳು. ಕತ್ತಲಲ್ಲಿ ಏನು ಕಂಡಿತೋ, ಪಕ್ಕಕ್ಕೆ ಸರಿದು ನಿಂತಳು.

ನನಗೆ ಡಾಕ್ಟರಮ್ಮನ ಮಾತು ಕೇಳುತ್ತಿತ್ತು. ರೇಡಿಯೋ ಅದನ್ನು ಯಾವ ಮಾತಿಗೆ ತಿರುಗಿಸುತ್ತಿದ್ದಾಳೆ ಎಂಬುದನ್ನು ದೊಡ್ಡಮ್ಮ ಆಮೇಲೆ ಹೇಳಿದಳು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥದ್ದೊಂದಿದೆ, ಅದರಲ್ಲಿ ಕೂದಲು ಹೊತ್ತ ಜೀವಕೋಶಗಳಿವೆ, ಸದ್ದು ಬಂದರೆ ಆ ಕೂದಲು ಬಾಗುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದರು. ರೇಡಿಯೋ ಹೇಳಿದ್ದು, ಕಿವಿಯೊಳಗೆ ಮಗ್ಗದಲ್ಲಿರುವಂತೆ ಉದ್ದುದ್ದ ಎಳೆಗಳ ಹಾಸು ಕಟ್ಟಿದೆ, ಒಂದೊಂದು ಎಳೆಯೂ ಒಂದೊಂದು ಸದ್ದಿಗೆ ಅಲುಗುತ್ತದೆ, ದೊಡ್ಡ ಸದ್ದಿಗೆ ಎಳೆ ಹರಿಯುತ್ತದೆ ಎಂದು. ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ಅದನ್ನು ಹುಡುಕಿ ಗಂಟು ಹಾಕುವುದು ಇವರಿಬ್ಬರ ನಿತ್ಯದ ಕೆಲಸ.

ದೀಪ ಹತ್ತಿತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ರೇಡಿಯೋ ವಾಪಸ್ ಬಂದು ಕೂತಳು. ಯಾರೋ ಒಬ್ಬರು ಮೊಬೈಲಿನ ಬಗ್ಗೆ ಕೇಳಿದರು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ರೇಡಿಯೋಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. ಪಿಸುಗುಟ್ಟಿದೆ ಎಂದು ಅವಳು ಅಂದುಕೊಂಡಳು.

"ಕೇಳೇ! ಗಿರಣೀಲಿ ಇದ್ದು ಇದ್ದು ನನ್ನ ಕಿವಿ ಪೂರ್ತಿ ಹೋಗಿದೆ, ಹರಿದ ಎಳೆ ಕಟ್ಟೋಕಾಗುತ್ತಾ ಕೇಳು!"

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಮೂರನೆಯ ಸಾಲಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಒಬ್ಬ ಮನುಷ್ಯನೂ ತಿರುಗಿದ. ಅವನು ಶೆಡ್ಡಿನ ಮೇಸ್ತ್ರಿ. ದೊಡ್ಡಮ್ಮ ಅವನನ್ನು ನೋಡಿದಳು, ಅವನು ಅವಳನ್ನು ನೋಡಿದ. ತಾನು ಪಿಸುಗುಟ್ಟಿರಲಿಲ್ಲ ಎಂಬುದು ಆಗ ಅವಳಿಗೆ ತಿಳಿಯಿತು.

ಡಾಕ್ಟರಮ್ಮ ವೇದಿಕೆಯ ತುದಿಗೆ ಬಂದರು. ದೊಡ್ಡಮ್ಮನ ಮುಖವನ್ನೇ ನೋಡುತ್ತ, ಅವಸರವಿಲ್ಲದೆ ಹೇಳಿದರು: "ಇಲ್ಲಮ್ಮ. ಮನುಷ್ಯರಲ್ಲಿ ಒಂದು ಸಲ ಹೋದದ್ದು ಮತ್ತೆ ಬೆಳೆಯಲ್ಲ. ಹಕ್ಕಿಗಳಲ್ಲಿ, ಕೋಳಿಗಳಲ್ಲಿ ಬೆಳೆಯುತ್ತೆ. ನಮ್ಮಲ್ಲಿ ಇವತ್ತಿನವರೆಗೂ ಇಲ್ಲ. ಆದರೆ ಉಳಿದಿರೋದನ್ನ ಕಾಪಾಡ್ಕೋಬಹುದು. ಸದ್ದಿನಿಂದ ದೂರ ಇರಬೇಕು, ಇಲ್ಲ ಕಿವಿ ಮುಚ್ಕೋಬೇಕು. ಮತ್ತೆ ನೀವು ಒಂದು ಸಲ ಬಂದು ತೋರಿಸಿ. ಕಿವಿಗೆ ಹಾಕೋ ಯಂತ್ರದಿಂದ ಸ್ವಲ್ಪ ಸಹಾಯ ಆಗಬಹುದು."

ಆ 'ಇಲ್ಲ'ವನ್ನು ತಿಳಿಯಲು ರೇಡಿಯೋ ಬೇಕಾಗಿರಲಿಲ್ಲ. ಆದರೂ ರೇಡಿಯೋ ಅವಳ ಕಡೆ ತಿರುಗಿದಳು. ತುಟಿ ತೆರೆದಳು, ಮುಚ್ಚಿದಳು. ಅವಳ ತುಟಿಗೆ ಬಿಡುವು ಸಿಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಬಸ್ಸಿನಲ್ಲಿ ದೊಡ್ಡಮ್ಮನೇ ಮೊದಲು, "ಕೋಳಿಗೆ ಬರುತ್ತಂತೆ," ಎಂದಳು. ಇಡೀ ಬಸ್ಸು ಕೇಳಿಸಿಕೊಂಡಿತು.

"ಮುಂದಿನ ಜನ್ಮಕ್ಕೆ ಕೋಳಿ ಆಗು," ಎಂದಳು ರೇಡಿಯೋ.

"ಆದ್ರೆ ನೀನೇ ಹಿಡ್ಕೊಂಡು ತಿಂತೀಯ, ಬಿಡು."

ಇಬ್ಬರೂ ಸದ್ದಿಲ್ಲದೆ ನಕ್ಕರು. ನಗು ನಿಂತ ಮೇಲೆ ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಹಾಗೆ ತಿರುಗಿದರೆ ಅವಳ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ.

ಮನೆಯಲ್ಲಿ ದೊಡ್ಡಪ್ಪನಿಗೆ ನಾನೇ ಹೇಳಿದೆ. ಬೆಳಿಗ್ಗೆ ಅವರು ಬಚ್ಚಲಿನಿಂದ ಬಂದಾಗ ಮೀಸೆಯಿರಲಿಲ್ಲ. ಬೋಳು ಮೇಲ್ತುಟಿಯ ಅಪರಿಚಿತರೊಬ್ಬರು ಬಂದು ಊಟದ ಮೇಜಿಗೆ ಕೂತು, ದೊಡ್ಡಮ್ಮನ ಎದುರು ಏನೋ ಹೇಳಿದರು. ದೊಡ್ಡಮ್ಮ ತುಟಿ ನೋಡಿದಳು.

"ಉಪ್ಪು ಕಮ್ಮಿ ಅಂತಾನಾ? ಇಷ್ಟು ವರ್ಷ ನೀವು ಹೇಳ್ತಿದ್ದಿದ್ದು ಇದನ್ನೇನಾ?" ಎಂದು ನಕ್ಕವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಸೋಮವಾರ ಮೇಸ್ತ್ರಿ ಅವಳನ್ನು ಕರೆಸಿದ. ಬಯ್ಯಲಿಲ್ಲ. ಮಗುವಿಗೆ ಹೇಳುವವನ ಹಾಗೆ ಬಾಯಿ ದೊಡ್ಡದು ಮಾಡಿ, "ಅಕ್ಕಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಡಾಕ್ಟರಮ್ಮನೂ ಅದೇ ಹೇಳಿದ್ರಲ್ಲ, ಸದ್ದಿನಿಂದ ದೂರ ಇರಿ ಅಂತ. ನಾಳೆಯಿಂದ ಮಡಿಸೋ ಕೋಣೆ," ಎಂದ. ದೊಡ್ಡಮ್ಮ ಬೇಡವೆಂದಳು. ಮಗ್ಗದಲ್ಲೇ ಕಿವಿ ಮುಚ್ಚಿಕೊಂಡು ಇರುತ್ತೇನೆಂದಳು. ಅವನು ಎದೆಯ ಮೇಲೆ ಕೈಯಿಟ್ಟು, ತನ್ನ ಮನಸ್ಸು ಒಪ್ಪುವುದಿಲ್ಲ ಎಂದ. ಅವತ್ತು ಮನೆಗೆ ಬಂದು ಅವಳು ಹೇಳಿದ್ದು ಇಷ್ಟೇ: "ಬೈದಿದ್ರೆ ಚೆನ್ನಾಗಿತ್ತು ಕಣೇ. ತಿರುಗಿ ಬೈಬಹುದಿತ್ತು."

ಮಡಿಸುವ ಕೋಣೆ ಅವಳು ಹೆದರಿದ ಹಾಗೆಯೇ ಇತ್ತು. ಅಲ್ಲಿಯ ಹೆಂಗಸರು ಕೆಟ್ಟವರಲ್ಲ. ಮುಖ ಎತ್ತಿ ಮಾತಾಡಿ ಎಂದು ಅವಳು ಕೇಳಿಕೊಂಡಾಗ ಎರಡು ದಿನ ಎತ್ತಿದರು, ಮೂರನೆಯ ದಿನ ಮರೆತರು. ಎಲ್ಲರೂ ನಕ್ಕ ಮೇಲೆ ಅವಳೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ. ಮೊದಲೆಲ್ಲ ಮನೆಗೆ ಬಂದಾಗ ಅವಳ ಕಾಲು ಸೋಲುತ್ತಿತ್ತು, ಈಗ ಕಣ್ಣು ಸೋಲುತ್ತಿತ್ತು. ಡಾಕ್ಟರಮ್ಮನ ಹತ್ತಿರ ಒಮ್ಮೆ ಹೋಗಿಬಂದೆವು. ಯಂತ್ರ ಹಾಕಿಕೊಟ್ಟರು. ಅದರಲ್ಲಿ ಪಾತ್ರೆಯ ಸದ್ದು ಸಿಡಿಲಿನಂತೆ ಕೇಳುತ್ತಿತ್ತು, ಮಾತು ಮಾತ್ರ ಮಾತಾಗಿ ಕೇಳುತ್ತಿರಲಿಲ್ಲ. ಕ್ರಮೇಣ ಪಳಗುತ್ತದೆ ಎಂದಿದ್ದಾರೆ. ಸಂಜೆ ಸ್ವಲ್ಪ ಹೊತ್ತು ಹಾಕಿಕೊಂಡು ಕೂರುತ್ತಾಳೆ.

ಆ ಕೋಣೆಗೂ ಶೆಡ್ಡಿಗೂ ನಡುವೆ ಒಂದು ಗೋಡೆಯಿದೆ. ಅದರಲ್ಲೊಂದು ಗಾಜಿನ ಕಿಟಕಿ. ಹತ್ತಿಯ ಧೂಳು ಕೂತು ಕೂತು ಗಾಜು ಗೋಡೆಯಷ್ಟೇ ಬೆಳ್ಳಗಾಗಿದ್ದರಿಂದ ಅಲ್ಲಿ ಕಿಟಕಿಯಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ದೊಡ್ಡಮ್ಮ ಮರೆತಿರಲಿಲ್ಲ. ಅವಳ ಹಳೆಯ ಮಗ್ಗ ಅದರ ಹತ್ತಿರವೇ ಇತ್ತು. ಒಂದು ದಿನ ಚೂರು ಬಟ್ಟೆ ತೆಗೆದುಕೊಂಡು ತನ್ನ ಕಡೆಯ ಗಾಜನ್ನು ಒರೆಸಿದಳು. ಏನೂ ಕಾಣಲಿಲ್ಲ. ಧೂಳು ಆ ಕಡೆಯೂ ಇತ್ತು. ಪಾಳಿ ಮುಗಿದ ಮೇಲೆ ರೇಡಿಯೋಗೆ ಹೇಳಿದಳು. ಮರುದಿನ ಗಾಜಿನ ಆ ಕಡೆ ಒಂದು ಕೈ ಗುಂಡಗೆ ತಿರುಗಿತು. ಬಿಳುಪಿನ ನಡುವೆ ತಟ್ಟೆಯಷ್ಟು ಜಾಗ ತಿಳಿಯಾಯಿತು. ಅದರಲ್ಲಿ ರೇಡಿಯೋಳ ಬಾಯಿ ಕಂಡಿತು.

"ಏನಮ್ಮಾ, ಫ್ಯಾನಿನ ಕೆಳಗೆ ರಾಣಿ ಥರ ಕೂತಿದೀಯ?"

ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ನಾನು ಇದನ್ನು ನೋಡಿದ್ದೇನೆ. ದೊಡ್ಡಮ್ಮ ತನ್ನ ಮೇಜನ್ನು ಆ ಕಿಟಕಿಗೆ ಎದುರಾಗಿ ತಿರುಗಿಸಿಕೊಂಡಿದ್ದಾಳೆ. ಕೈ ಬಟ್ಟೆ ಮಡಿಸುತ್ತಿರುತ್ತದೆ, ಕಣ್ಣು ಗಾಜಿನಲ್ಲಿರುತ್ತದೆ, ತುಟಿ ಆಡುತ್ತಿರುತ್ತದೆ. ಮಡಿಸುವವರು ಅವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ. ಮೇಸ್ತ್ರಿ ನೋಡಿಯೂ ನೋಡದವನ ಹಾಗೆ ಹೋಗುತ್ತಾನೆ. ರೇಡಿಯೋಳ ಕಿವಿಯಲ್ಲಿ ಸದ್ದು ತಡೆಯುವ ಹತ್ತಿಯ ಬತ್ತಿ ಕಾಣದಿದ್ದರೆ ದೊಡ್ಡಮ್ಮ ಮಾತು ನಿಲ್ಲಿಸಿ, ಎರಡು ಬೆರಳನ್ನು ತನ್ನ ಕಿವಿಗಿಟ್ಟು, ಅವಳು ಹಾಕಿಕೊಳ್ಳುವವರೆಗೂ ಹಾಗೇ ಕೂರುತ್ತಾಳೆ. ರೇಡಿಯೋ ಹಲ್ಲು ಕಡಿಯುತ್ತ ಜೇಬಿನಿಂದ ಬತ್ತಿ ತೆಗೆದು ತುರುಕಿಕೊಳ್ಳುತ್ತಾಳೆ.

ಶೆಡ್ಡಿನಲ್ಲಿ ಧೂಳು ಹಾರುವುದು ನಿಲ್ಲುವುದಿಲ್ಲ. ಪ್ರತಿದಿನ ಗಾಜು ಒರೆಸಬೇಕು, ದೊಡ್ಡಮ್ಮ ಈ ಕಡೆಯಿಂದ, ರೇಡಿಯೋ ಆ ಕಡೆಯಿಂದ. ರೇಡಿಯೋ ರಜೆ ಹಾಕಿದ ದಿನ ದೊಡ್ಡಮ್ಮ ತನ್ನ ಕಡೆಯ ಗಾಜನ್ನು ಮತ್ತೆ ಮತ್ತೆ ಉಜ್ಜುತ್ತಾಳೆ. ಆ ಕಡೆ ಅದು ಬೆಳ್ಳಗಾಗುತ್ತ ಹೋಗುತ್ತದೆ.